ರಾಮಚಂದ್ರ ದತ್ತಾತ್ರೇಯ ರಾನಡೆ

ರಾಮಚಂದ್ರ ದತ್ತಾತ್ರೇಯ ರಾನಡೆ (3 ಜುಲೈ 1886 – 6 ಜೂನ್ 1957) ಅವರು ಜಮಖಂಡಿಯಲ್ಲಿ ಜನಿಸಿದ ತತ್ತ್ವಶಾಸ್ತ್ರಜ್ಞರು, ಪ್ರಾಧ್ಯಾಪಕರು ಹಾಗೂ ಅನುಭಾವ ಸಾಹಿತ್ಯದ ವಿದ್ವಾಂಸರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿಯೂ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿಯೂ ತತ್ತ್ವಶಾಸ್ತ್ರವನ್ನು ಬೋಧಿಸಿದ ಇವರು ಉಪನಿಷತ್ತುಗಳ ಮೇಲೆ ಬರೆದ ಗ್ರಂಥದಿಂದ ಪ್ರಸಿದ್ಧರಾದರು. ಮಹಾರಾಷ್ಟ್ರ, ಹಿಂದಿ ನಾಡು ಮತ್ತು ಕರ್ನಾಟಕದ ಸಂತರ ಮೇಲೆ ಬರೆದ ಗ್ರಂಥಗಳೂ ಅಷ್ಟೇ ಹೆಸರಾದವು. ಇಂಚಗೇರಿ ಸಂಪ್ರದಾಯದ ಅನುಯಾಯಿಗಳು ಇವರನ್ನು ಗುರುದೇವ ರಾನಡೆ ಎಂದು ಕರೆಯುತ್ತಾರೆ. ಮುಂಬಯಿ ಪ್ರಾಂತದ ನ್ಯಾಯಮೂರ್ತಿಗಳೂ ಸಮಾಜ ಸುಧಾರಕರೂ ಆಗಿದ್ದ ಮಹಾದೇವ ಗೋವಿಂದ ರಾನಡೆಯವರು (1842–1901) ಬೇರೆಯವರು.

ಮನುಷ್ಯನ ಮನಸ್ಸು ಹೇಗೆ ಬೆಳೆಯುತ್ತದೆ, ಯಾವ ಪ್ರಚೋದನೆಯಿಂದ ಅದು ತನ್ನ ಸಾಮಾನ್ಯ ನೆಲೆಯನ್ನು ಬಿಟ್ಟು ಮೇಲಿನ ನೆಲೆಗೆ ಏರಲು ತೊಡಗುತ್ತದೆ, ಆ ಏರಿಕೆಯಲ್ಲಿ ಎಷ್ಟು ಮೆಟ್ಟಿಲುಗಳಿವೆ ಎಂಬುದು ರಾನಡೆಯವರ ಬರವಣಿಗೆಯ ಉದ್ದಕ್ಕೂ ಕಾಣುವ ಪ್ರಶ್ನೆ. ಇಂದಿನ ಅರ್ಥದಲ್ಲಿ ಅವರು ಪ್ರಯೋಗಶಾಲೆಯ ಮನೋವಿಜ್ಞಾನಿಯಲ್ಲ. ಆದರೆ ಅವರ ಕಾಲದ ಭಾರತೀಯ ಕಾಲೇಜುಗಳಲ್ಲಿ ಮನೋವಿಜ್ಞಾನವು ತತ್ತ್ವಶಾಸ್ತ್ರದ ಅಂಗವಾಗಿಯೇ ಬೋಧಿಸಲ್ಪಡುತ್ತಿತ್ತು. ಉಪನಿಷತ್ತುಗಳಲ್ಲಿ ಅಡಗಿರುವ ಮನೋವಿಚಾರವನ್ನು ಬಿಡಿಸಿ ವರ್ಗೀಕರಿಸಿದವರಲ್ಲಿ ಹಾಗೂ ಸಂತರ ಅನುಭವವನ್ನು ಹಂತಹಂತವಾಗಿ ವಿವರಿಸಿದವರಲ್ಲಿ ಅವರ ಹೆಸರು ಮುಖ್ಯವಾಗಿದೆ.

ಜನನ ಮತ್ತು ಪರಿಸರ

ರಾನಡೆಯವರು 1886ರ ಜುಲೈ 3ರಂದು ಜಮಖಂಡಿಯಲ್ಲಿ ಮರಾಠಿ ಮನೆಮಾತಿನ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಆಗ ಜಮಖಂಡಿಯು ಪಟವರ್ಧನ ಮನೆತನದ ಆಳ್ವಿಕೆಗೆ ಒಳಪಟ್ಟ ಸಂಸ್ಥಾನದ ರಾಜಧಾನಿಯಾಗಿತ್ತು. ಪಕ್ಕದ ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನ. ಕವಿ ರನ್ನನ ಊರೆಂದು ಕನ್ನಡಿಗರು ನೆನೆಯುವ ಮುಧೋಳ, ನೇಕಾರಿಕೆಗೆ ಹೆಸರಾದ ರಬಕವಿ-ಬನಹಟ್ಟಿ, ಬೀಳಗಿ, ಜಮಖಂಡಿ ಇವೆಲ್ಲ ಇಂದು ಬಾಗಲಕೋಟೆ ಜಿಲ್ಲೆಯ ತಾಲ್ಲೂಕುಗಳಾಗಿವೆ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಈ ಸೀಮೆಯಲ್ಲಿ ಜನರ ಮಾತು ಕನ್ನಡ. ಸಂಸ್ಥಾನಗಳ ದರಬಾರಿನಲ್ಲಿ ಮರಾಠಿಗೆ ಪ್ರಾಶಸ್ತ್ಯ. ಭಜನೆ ಮತ್ತು ಕೀರ್ತನೆಗಳಲ್ಲಿ ಎರಡೂ ಭಾಷೆಗಳು ಒಂದೇ ಮಂಟಪದಲ್ಲಿ ಕೇಳಿಬರುತ್ತಿದ್ದವು. ದಾಸರ ಪದ, ಶರಣರ ವಚನ, ತುಕಾರಾಮರ ಅಭಂಗ ಇವುಗಳನ್ನು ಒಂದೇ ದೃಷ್ಟಿಯಿಂದ ನೋಡುವ ಮನೋಧರ್ಮ ರಾನಡೆಯವರಲ್ಲಿ ಬೆಳೆದುದಕ್ಕೆ ಈ ಎರಡು ಭಾಷೆಗಳ ಪರಿಸರವು ಸಹಜ ಹಿನ್ನೆಲೆಯಾಗಿದೆ.

ಶಾಲಾ ವಿದ್ಯಾಭ್ಯಾಸ ಜಮಖಂಡಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ನಡೆಯಿತು. ಸಂಸ್ಕೃತ ಮತ್ತು ಗಣಿತ ಎರಡರಲ್ಲಿಯೂ ಅವರು ಚುರುಕಾದ ವಿದ್ಯಾರ್ಥಿಯಾಗಿದ್ದರು. 1902ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಉನ್ನತ ವ್ಯಾಸಂಗಕ್ಕಾಗಿ ಪುಣೆಯ ಡೆಕ್ಕನ್ ಕಾಲೇಜನ್ನು ಸೇರಿದರು.

ದೀಕ್ಷೆ

ಮೆಟ್ರಿಕ್ಯುಲೇಷನ್‌ಗೆ ಒಂದು ವರ್ಷ ಮೊದಲು, 1901ರಲ್ಲಿ, ಇನ್ನೂ ಹದಿನೈದರ ಹರೆಯದ ರಾನಡೆಯವರಿಗೆ ಉಮದಿಯ ಭಾವೂಸಾಹೇಬ ಮಹಾರಾಜರಿಂದ (1843–1914) ನಾಮದೀಕ್ಷೆ ದೊರೆಯಿತು. ಉಮದಿಯು ಇಂದಿನ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ, ಕರ್ನಾಟಕದ ಗಡಿಗೆ ತಾಗಿದಂತಿರುವ ಊರು. ಭಾವೂಸಾಹೇಬರು ನಿಂಬರಗಿ ಮಹಾರಾಜರ ಪರಂಪರೆಗೆ ಸೇರಿದವರು. ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ ಅವರು ಕಟ್ಟಿದ ಮಠದಿಂದಾಗಿ ಈ ಪರಂಪರೆಗೆ ಇಂಚಗೇರಿ ಸಂಪ್ರದಾಯವೆಂಬ ಹೆಸರು ಬಂದಿದೆ. ಗುರುವಿನಿಂದ ಪಡೆದ ನಾಮವನ್ನು ದಿನವೂ ನಿಯಮದಿಂದ ಧ್ಯಾನಿಸುವುದು, ಸಮರ್ಥ ರಾಮದಾಸರ ದಾಸಬೋಧವನ್ನು ಓದುವುದು, ಕನ್ನಡ ಮತ್ತು ಮರಾಠಿ ಪದಗಳ ಭಜನೆ ಮಾಡುವುದು, ಸಂಸಾರವನ್ನು ಬಿಡದೆ ಸಾಧನೆ ನಡೆಸುವುದು ಇದರ ಮುಖ್ಯ ಲಕ್ಷಣಗಳು. ಮುಂದೆ ಮುಂಬಯಿಯಲ್ಲಿ ಪ್ರಸಿದ್ಧರಾದ ನಿಸರ್ಗದತ್ತ ಮಹಾರಾಜರ ಗುರುಗಳಾದ ಸಿದ್ಧರಾಮೇಶ್ವರ ಮಹಾರಾಜರೂ ಭಾವೂಸಾಹೇಬರ ಶಿಷ್ಯರೇ.

ಹದಿಹರೆಯ ಮತ್ತು ಧಾರ್ಮಿಕ ಪರಿವರ್ತನೆಗಳ ಸಂಬಂಧವು ಅದೇ ಕಾಲದಲ್ಲಿ ಪಾಶ್ಚಾತ್ಯ ಮನೋವಿಜ್ಞಾನದ ಹೊಸ ವಿಷಯವಾಗಿತ್ತೆಂಬುದು ಗಮನಾರ್ಹ. ಅಮೆರಿಕದ ಎಡ್ವಿನ್ ಸ್ಟಾರ್‌ಬಕ್ 1899ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಧಾರ್ಮಿಕ ಪರಿವರ್ತನೆಯು ಬಹುಮಟ್ಟಿಗೆ ಹದಿಹರೆಯದ ಘಟನೆಯೆಂದು ತೋರಿಸಿದ್ದರು. ವಿಲಿಯಂ ಜೇಮ್ಸ್ 1902ರಲ್ಲಿ ಧಾರ್ಮಿಕ ಅನುಭವದ ವೈವಿಧ್ಯಗಳ ಕುರಿತ ತಮ್ಮ ಉಪನ್ಯಾಸಗಳನ್ನು ಹೊರತಂದರು. ಸ್ಟ್ಯಾನ್ಲಿ ಹಾಲ್ ಅವರ ಹದಿಹರೆಯವನ್ನು ಕುರಿತ ಬೃಹತ್ ಗ್ರಂಥ 1904ರಲ್ಲಿ ಬಂದಿತು. ಜಮಖಂಡಿಯ ಶಾಲಾ ಬಾಲಕನಿಗೆ ಇವಾವುದರ ಪರಿಚಯವೂ ಆಗ ಇರಲಾರದು. ಆದರೆ ಈ ವಿದ್ವಾಂಸರು ಹೊರಗಿನಿಂದ ಅಧ್ಯಯನ ಮಾಡುತ್ತಿದ್ದ ವಿಷಯವನ್ನು ಅವರು ಒಳಗಿನಿಂದ ಅನುಭವಿಸಲು ಆರಂಭಿಸಿದ್ದು ಅದೇ ವಯಸ್ಸಿನಲ್ಲಿ.

ಕಾಲೇಜು ವ್ಯಾಸಂಗ ಮತ್ತು ಅನಾರೋಗ್ಯ

ಡೆಕ್ಕನ್ ಕಾಲೇಜಿನಲ್ಲಿ ರಾನಡೆಯವರು 1907ರಲ್ಲಿ ಬಿ.ಎ. ಪದವಿ ಪಡೆದರು. ಪದವಿಗೆ ಅವರು ಆರಿಸಿಕೊಂಡ ವಿಷಯ ಗಣಿತ. ತರ್ಕದ ಕಟ್ಟುನಿಟ್ಟು, ವಿಷಯವನ್ನು ಭಾಗಗಳಾಗಿ ವಿಂಗಡಿಸಿ ಒಂದೊಂದಕ್ಕೂ ಸ್ಥಾನ ಕಲ್ಪಿಸುವ ಕ್ರಮ ಅವರ ಎಲ್ಲ ಗ್ರಂಥಗಳಲ್ಲಿಯೂ ಕಾಣುತ್ತದೆ. ಮುಂದೆ ಸಂಸ್ಕೃತ ವಿದ್ವಾಂಸರಾಗಿ ಹೆಸರಾದ ಶ್ರೀಪಾದ ಕೃಷ್ಣ ಬೇಲ್ವಲ್ಕರ್ ಅವರು ರಾನಡೆಯವರ ದೀರ್ಘಕಾಲದ ಸಹಲೇಖಕರು.

ಪದವಿಯ ನಂತರದ ವರ್ಷಗಳಲ್ಲಿ ಅವರು ತೀವ್ರ ಅನಾರೋಗ್ಯಕ್ಕೆ ಗುರಿಯಾದರು. ದೇಹ ಕುಗ್ಗಿತು, ಓದು ನಿಂತಿತು, ಬದುಕಿಯಾರೇ ಎಂಬ ಆತಂಕ ಬಂಧುಗಳಲ್ಲಿ ಮೂಡಿತು. ಬಿ.ಎ. ಪದವಿಗೂ ಎಂ.ಎ. ಪದವಿಗೂ ನಡುವೆ ಏಳು ವರ್ಷಗಳ ಅಂತರವಿದೆ. ಈ ಅವಧಿಯೇ ಅವರ ಜೀವನದ ತಿರುವು. ಅದುವರೆಗೆ ಗುರುವಿನ ಮಾತಿನಂತೆ ನಡೆಸುತ್ತಿದ್ದ ಧ್ಯಾನವು ಈಗ ಬದುಕಿನ ಆಧಾರವಾಯಿತು. ಕಾಯಿಲೆಯಿಂದ ಚೇತರಿಸಿಕೊಂಡದ್ದು ಧ್ಯಾನದ ಬಲದಿಂದಲೇ ಎಂಬುದು ಅವರ ಹಾಗೂ ಅವರ ಶಿಷ್ಯರ ನಂಬಿಕೆಯಾಗಿತ್ತು. ದೇಹಸ್ಥಿತಿ ಮಾತ್ರ ಜೀವನಪರ್ಯಂತ ನಾಜೂಕಾಗಿಯೇ ಉಳಿಯಿತು.

ಈ ಅನಾರೋಗ್ಯವು ಅವರ ಅಧ್ಯಯನದ ವಿಷಯವನ್ನೂ ಬದಲಿಸಿತು. ಗಣಿತವನ್ನು ಬಿಟ್ಟು ತತ್ತ್ವಶಾಸ್ತ್ರಕ್ಕೆ ಬಂದರು. ಆಂತರಿಕ ಅನುಭವವೊಂದು ಸತ್ಯವೋ ಭ್ರಮೆಯೋ ಎಂಬುದನ್ನು ನಿರ್ಧರಿಸುವ ಮಾನದಂಡ ಯಾವುದು ಎಂಬ ಪ್ರಶ್ನೆ ಅವರಿಗೆ ಇನ್ನು ಕೇವಲ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. 1914ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪರೀಕ್ಷೆಯಲ್ಲಿ ತತ್ತ್ವಶಾಸ್ತ್ರ ವಿಷಯದಲ್ಲಿ ಕುಲಾಧಿಪತಿಗಳ ಚಿನ್ನದ ಪದಕದೊಂದಿಗೆ ತೇರ್ಗಡೆಯಾದರು. ಗುರು ಭಾವೂಸಾಹೇಬರು ದೇಹಬಿಟ್ಟದ್ದೂ ಅದೇ ವರ್ಷ.

ಪುಣೆಯಲ್ಲಿ ಅಧ್ಯಾಪನ

1914ರಲ್ಲಿ ರಾನಡೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನ ಅಧ್ಯಾಪಕರಾದರು. ಅದೇ ಶಿಕ್ಷಣ ಸಂಸ್ಥೆಗೆ ಸೇರಿದ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿಯೂ ಕೆಲಕಾಲ ಸೇವೆ ಸಲ್ಲಿಸಿದರು. ಈ ಕಾಲದ ಅವರ ಆಸಕ್ತಿ ಮುಖ್ಯವಾಗಿ ಗ್ರೀಕ್ ತತ್ತ್ವಶಾಸ್ತ್ರದ ಕಡೆಗಿತ್ತು. ಎಲ್ಲವೂ ಹರಿಯುತ್ತಿದೆಯೆಂದ ಹೆರಾಕ್ಲಿಟಸ್, ಬದಲಾವಣೆಯೇ ಭ್ರಮೆಯೆಂದ ಪಾರ್ಮೆನಿಡೀಸ್, ಇವರ ಪಂಥವನ್ನು ವಿಮರ್ಶಿಸಿದ ಅರಿಸ್ಟಾಟಲ್ ಇವರ ಕುರಿತು ಪ್ರಬಂಧಗಳನ್ನು ಬರೆದರು. ಪಾಶ್ಚಾತ್ಯ ಚಿಂತನೆಯನ್ನು ಅದರ ಮೂಲದಿಂದ ಅರಿತುಕೊಂಡ ಮೇಲೆಯೇ ಅವರು ಉಪನಿಷತ್ತುಗಳ ಕಡೆಗೆ ಪೂರ್ಣವಾಗಿ ತಿರುಗಿದರು.

ಬೇಲ್ವಲ್ಕರ್ ಅವರೊಂದಿಗೆ ಸೇರಿ ಭಾರತೀಯ ತತ್ತ್ವಶಾಸ್ತ್ರದ ಇತಿಹಾಸವನ್ನು ಹಲವು ಸಂಪುಟಗಳಲ್ಲಿ ಬರೆಯುವ ದೊಡ್ಡ ಯೋಜನೆಯನ್ನು ಅವರು ಹಮ್ಮಿಕೊಂಡರು. ಅದರ ಎರಡನೆಯ ಸಂಪುಟ 1927ರಲ್ಲಿಯೂ ಮಹಾರಾಷ್ಟ್ರದ ಅನುಭಾವಿಗಳನ್ನು ಕುರಿತ ಏಳನೆಯ ಸಂಪುಟ 1933ರಲ್ಲಿಯೂ ಹೊರಬಂದವು. ಯೋಜನೆ ಪೂರ್ಣಗೊಳ್ಳಲಿಲ್ಲ. ತತ್ತ್ವಶಾಸ್ತ್ರ ಮತ್ತು ಧರ್ಮಗಳ ಅಧ್ಯಯನಕ್ಕೆಂದು 1924ರಲ್ಲಿ ಒಂದು ಅಕಾಡೆಮಿ ಅವರ ನೇತೃತ್ವದಲ್ಲಿ ಸ್ಥಾಪನೆಗೊಂಡಿತು. ಧರ್ಮವನ್ನು ವಿಚಾರದ ಬೆಳಕಿನಲ್ಲಿ ಪರೀಕ್ಷಿಸುವುದು, ವಿಚಾರಕ್ಕೆ ಅನುಭವದ ಆಧಾರ ಒದಗಿಸುವುದು ಅದರ ಉದ್ದೇಶವಾಗಿತ್ತು. ಆರೋಗ್ಯ ಮತ್ತೆ ಕೈಕೊಟ್ಟಿದ್ದರಿಂದ ಕಾಲೇಜಿನ ಕೆಲಸದಿಂದ ಬಿಡುಗಡೆ ಪಡೆದು, ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ನಿಂಬಾಳದಲ್ಲಿ ವಾಸಕ್ಕೆ ನಿಂತರು. ಸೊಲ್ಲಾಪುರ–ವಿಜಯಪುರ ರೈಲುಮಾರ್ಗದ ಈ ಚಿಕ್ಕ ನಿಲ್ದಾಣದ ಬಳಿಯ ಅವರ ಮನೆಯೇ ಮುಂದೆ ಆಶ್ರಮವಾಗಿ ಬೆಳೆಯಿತು.

ಉಪನಿಷತ್ತುಗಳ ಅಧ್ಯಯನ

ಉಪನಿಷತ್ತುಗಳ ತತ್ತ್ವವನ್ನು ಕುರಿತ ರಾನಡೆಯವರ ಇಂಗ್ಲಿಷ್ ಗ್ರಂಥ 'ಎ ಕನ್‌ಸ್ಟ್ರಕ್ಟಿವ್ ಸರ್ವೆ ಆಫ್ ಉಪನಿಷದಿಕ್ ಫಿಲಾಸಫಿ' 1926ರಲ್ಲಿ ಪುಣೆಯಿಂದ ಪ್ರಕಟವಾಯಿತು. ಜರ್ಮನ್ ವಿದ್ವಾಂಸ ಪಾಲ್ ಡಾಯ್ಸನ್ ಅವರ ಗ್ರಂಥ ಅದಕ್ಕೂ ಮೊದಲೇ ಪ್ರಸಿದ್ಧವಾಗಿತ್ತು. ಸುರೇಂದ್ರನಾಥ ದಾಸಗುಪ್ತ (1922) ಮತ್ತು ಸರ್ವೆಪಲ್ಲಿ ರಾಧಾಕೃಷ್ಣನ್ (1923) ಅವರ ಇತಿಹಾಸ ಗ್ರಂಥಗಳ ಮೊದಲ ಸಂಪುಟಗಳೂ ಬಂದಿದ್ದವು. ಇವುಗಳ ನಡುವೆ ರಾನಡೆಯವರ ಗ್ರಂಥಕ್ಕೆ ಪ್ರತ್ಯೇಕ ಸ್ಥಾನ ದೊರೆಯಲು ಅದರ ರಚನಾಕ್ರಮವೇ ಕಾರಣ. ಉಪನಿಷತ್ತುಗಳನ್ನು ಒಂದೇ ಸಿದ್ಧಾಂತದ ಗ್ರಂಥಗಳೆಂದು ನೋಡದೆ, ಅವುಗಳಲ್ಲಿ ಹರಡಿರುವ ವಿಚಾರಗಳನ್ನು ಸಮಸ್ಯೆಗಳ ಪ್ರಕಾರ ವಿಂಗಡಿಸಿದರು. ಸೃಷ್ಟಿವಿಚಾರ, ಮನೋವಿಚಾರ, ಮುಂದಿನ ದರ್ಶನಗಳ ಬೇರುಗಳು, ಪರಮಸತ್ಯದ ಸಮಸ್ಯೆ, ನೀತಿವಿಚಾರ, ಕೊನೆಗೆ ಆತ್ಮಸಾಕ್ಷಾತ್ಕಾರದ ಸೂಚನೆಗಳು ಎಂಬ ಕ್ರಮದಲ್ಲಿ ಅಧ್ಯಾಯಗಳು ಸಾಗುತ್ತವೆ. ಆಧಾರವಾದ ಮೂಲ ವಾಕ್ಯಗಳನ್ನು ಅಧ್ಯಾಯದ ಕೊನೆಯಲ್ಲಿ ಸಂಸ್ಕೃತದಲ್ಲಿಯೇ ಕೊಟ್ಟಿರುವುದರಿಂದ, ಲೇಖಕರ ತೀರ್ಮಾನವನ್ನು ಓದುಗನು ತಾನೇ ಪರೀಕ್ಷಿಸಿಕೊಳ್ಳಬಹುದು.

ಈ ಗ್ರಂಥದ ಮೂರನೆಯ ಅಧ್ಯಾಯವು ಮನೋವಿಜ್ಞಾನದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಉಪಯುಕ್ತ. ಉಪನಿಷತ್ತುಗಳ ಮನೋವಿಚಾರವನ್ನು ಅವರು ಮೂರು ಭಾಗಗಳಾಗಿ ನೋಡುತ್ತಾರೆ.

ಮೊದಲನೆಯದು ಅನುಭವಾಧಾರಿತ ಮನೋವಿಚಾರ. ಅನ್ನಕ್ಕೂ ಮನಸ್ಸಿಗೂ ಇರುವ ಸಂಬಂಧ ಇದಕ್ಕೆ ಒಳ್ಳೆಯ ಉದಾಹರಣೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ ಹದಿನೈದು ದಿನ ಅನ್ನ ಬಿಟ್ಟು ಬರಿಯ ನೀರು ಕುಡಿದು ಇರುವಂತೆ ಹೇಳುತ್ತಾನೆ. ಅವಧಿ ಮುಗಿದಾಗ ಮಗನಿಗೆ ಕಲಿತ ವೇದವೇ ನೆನಪಿಗೆ ಬರುವುದಿಲ್ಲ; ಉಂಡ ಮೇಲೆ ಎಲ್ಲವೂ ಮರಳಿ ನೆನಪಾಗುತ್ತದೆ. ಮನಸ್ಸು ಅನ್ನಮಯವೆಂಬ ತತ್ತ್ವವನ್ನು ತಂದೆಯು ಉಪದೇಶದಿಂದಲ್ಲದೆ ಪ್ರಯೋಗದಿಂದ ತೋರಿಸಿಕೊಟ್ಟ ಪ್ರಸಂಗವಿದು. ಬುದ್ಧಿ ಮೇಲೋ ಸಂಕಲ್ಪ ಮೇಲೋ ಎಂಬ ವಾದವೂ ಇದೇ ಉಪನಿಷತ್ತಿನಲ್ಲಿದೆ. ಐತರೇಯ ಉಪನಿಷತ್ತಿನಲ್ಲಿ ಸ್ಮೃತಿ, ಸಂಕಲ್ಪ, ಮತಿ, ಧೃತಿ, ಕಾಮ ಮೊದಲಾದ ಮನೋವ್ಯಾಪಾರಗಳ ಪಟ್ಟಿಯೇ ಇದೆ. ನಿದ್ರೆ ಏಕೆ ಬರುತ್ತದೆಂಬುದಕ್ಕೆ ಬೃಹದಾರಣ್ಯಕವು, ಹಾರಿ ಹಾರಿ ದಣಿದ ಗಿಡುಗ ರೆಕ್ಕೆ ಮಡಿಸಿ ಗೂಡಿಗೆ ಸೇರುವ ಹೋಲಿಕೆಯನ್ನು ಕೊಡುತ್ತದೆ. ಇಂತಹ ಬಿಡಿ ವಾಕ್ಯಗಳನ್ನು ಆಯ್ದು ಒಂದು ವಿಷಯಕ್ರಮದಲ್ಲಿ ಜೋಡಿಸಿದ್ದು ರಾನಡೆಯವರ ಕೊಡುಗೆ.

ಎರಡನೆಯದು ಸಾಮಾನ್ಯಕ್ಕೆ ಮೀರಿದ ಮನೋಸ್ಥಿತಿಗಳ ವಿಚಾರ. ಮರಣಾನಂತರ ಏನು ಉಳಿಯುತ್ತದೆಂಬ ಕಠೋಪನಿಷತ್ತಿನ ನಚಿಕೇತನ ಪ್ರಶ್ನೆ, ಆವೇಶದ ಪ್ರಸಂಗಗಳು ಇದರಲ್ಲಿ ಬರುತ್ತವೆ. ಮೂರನೆಯದು ಆತ್ಮವನ್ನು ಕುರಿತ ತಾರ್ಕಿಕ ಮನೋವಿಚಾರ. ಆತ್ಮದ ನೆಲೆ ಹೃದಯವೋ ಮೆದುಳೋ, ದೇಹಕ್ಕೂ ಆತ್ಮಕ್ಕೂ ಏನು ಸಂಬಂಧ ಎಂಬ ಪ್ರಶ್ನೆಗಳು, ಎಚ್ಚರ, ಕನಸು, ಗಾಢನಿದ್ರೆ, ತುರೀಯ ಎಂಬ ನಾಲ್ಕು ಅವಸ್ಥೆಗಳು, ತೈತ್ತಿರೀಯದ ಐದು ಕೋಶಗಳು ಇಲ್ಲಿ ಚರ್ಚೆಗೆ ಬರುತ್ತವೆ. ಅನ್ನಮಯ, ಪ್ರಾಣಮಯ, ಮನೋಮಯ, ವಿಜ್ಞಾನಮಯ, ಆನಂದಮಯ ಎಂಬ ಕೋಶಗಳ ಕ್ರಮದಲ್ಲಿ ಮನುಷ್ಯನು ದೇಹದ ನೆಲೆಯಿಂದ ಆನಂದದ ನೆಲೆಯವರೆಗೆ ಪದರಪದರವಾಗಿ ತನ್ನನ್ನು ಅರಿಯುತ್ತಾ ಹೋಗುವ ಕಲ್ಪನೆಯಿದೆ.

ಕೊನೆಯ ಅಧ್ಯಾಯದಲ್ಲಿ ಸಾಧಕನ ಅರ್ಹತೆ, ಗುರುವಿನ ಅವಶ್ಯಕತೆ, ಧ್ಯಾನದ ಕ್ರಮ ಮತ್ತು ಧ್ಯಾನದಲ್ಲಿ ಉಂಟಾಗುವ ಅನುಭವಗಳ ವಿವೇಚನೆಯಿದೆ. ಶ್ವೇತಾಶ್ವತರ ಉಪನಿಷತ್ತು ಮಂಜು, ಹೊಗೆ, ಸೂರ್ಯ, ಬೆಂಕಿ, ಮಿಂಚುಹುಳು, ಮಿಂಚು, ಸ್ಫಟಿಕ, ಚಂದ್ರ ಎಂದು ಪಟ್ಟಿಮಾಡುವ ದರ್ಶನಗಳನ್ನು ರಾನಡೆಯವರು ರೂಪ, ಬೆಳಕು, ನಾದಗಳ ಅನುಭವವೆಂದು ವರ್ಗೀಕರಿಸಿದರು. ಮುಂದೆ ಸಂತರ ಪದಗಳನ್ನು ಓದುವಾಗಲೂ ಅವರು ಇದೇ ವರ್ಗೀಕರಣವನ್ನು ಬಳಸಿಕೊಂಡರು.

ಅಲಹಾಬಾದ್ ವಿಶ್ವವಿದ್ಯಾಲಯ

ಉಪನಿಷತ್ತುಗಳ ಗ್ರಂಥದಿಂದ ರಾನಡೆಯವರ ಹೆಸರು ದೇಶದ ವಿದ್ವದ್ವಲಯದಲ್ಲಿ ಹರಡಿತು. ಅಲಹಾಬಾದ್ ವಿಶ್ವವಿದ್ಯಾಲಯದ ಆಗಿನ ಕುಲಪತಿಗಳು ಸಂಸ್ಕೃತ ವಿದ್ವಾಂಸ ಸರ್ ಗಂಗಾನಾಥ ಝಾ. ಅವರ ಕಾಲದಲ್ಲಿ ರಾನಡೆಯವರಿಗೆ ಅಲ್ಲಿಗೆ ಆಹ್ವಾನ ಬಂದಿತು. ನಿಂಬಾಳದ ಏಕಾಂತದಲ್ಲಿದ್ದ ಅವರು ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಹೋದರು. ಸುಮಾರು ಎರಡು ದಶಕಗಳ ಕಾಲ ಅಲ್ಲಿ ಬೋಧಿಸಿ, ಕುಲಪತಿ ಸ್ಥಾನಕ್ಕೂ ಏರಿ, 1946ರ ಸುಮಾರಿಗೆ ನಿವೃತ್ತರಾದರು. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ವೇದಾಂತದ ಮೇಲೆ ಉಪನ್ಯಾಸಮಾಲೆಯನ್ನು ನೀಡಿದ್ದೂ ಈ ಅವಧಿಯಲ್ಲಿಯೇ.

ಭಾರತದಲ್ಲಿ ಮನೋವಿಜ್ಞಾನವು ತತ್ತ್ವಶಾಸ್ತ್ರದಿಂದ ಬೇರ್ಪಟ್ಟು ಸ್ವತಂತ್ರ ವಿಭಾಗವಾಗುತ್ತಿದ್ದ ಕಾಲವದು. ಕಲ್ಕತ್ತಾದಲ್ಲಿ ಮೊದಲ ವಿಭಾಗ 1916ರಲ್ಲಿ ಆರಂಭವಾಗಿತ್ತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ವಿಭಾಗ ಆರಂಭಗೊಂಡಿತು. ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಳತೆಯ ಪರಂಪರೆಯಲ್ಲಿ ತರಬೇತಿ ಪಡೆದು ಬಂದ ಗೋಪಾಲಸ್ವಾಮಿಯವರು ಪರೀಕ್ಷೆ ಮತ್ತು ಪ್ರಯೋಗಗಳ ದಾರಿ ಹಿಡಿದರು. ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿ ಎಂಬ ಹೆಸರಿನ ಖಾಸಗಿ ಬಾನುಲಿ ಕೇಂದ್ರವನ್ನು ಸ್ಥಾಪಿಸಿದವರೂ ಇವರೇ. ರಾನಡೆಯವರದು ಬೇರೆ ದಾರಿ. ಅಳೆಯಲು ಬಾರದ, ಆದರೆ ಶತಮಾನಗಳಿಂದ ಜನರು ತಮ್ಮ ಮಾತಿನಲ್ಲಿ ಹೇಳಿಕೊಂಡು ಬಂದಿರುವ ಅನುಭವದ ದಾಖಲೆಗಳನ್ನು ಹೋಲಿಸಿ ನೋಡುವುದು ಅವರ ವಿಧಾನ. ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 1957ರಲ್ಲಿ.

ರಜೆ ಬಂದೊಡನೆ ರಾನಡೆಯವರು ನಿಂಬಾಳಕ್ಕೆ ಮರಳುತ್ತಿದ್ದರು. ಗುರುಬಂಧುಗಳಾದ ಜಿಗಜೇವಣಿಯ ಅಂಬೂರಾವ ಮಹಾರಾಜರು 1933ರಲ್ಲಿ ತೀರಿಕೊಂಡ ಮೇಲೆ ಸಾಧಕರಿಗೆ ಮಾರ್ಗದರ್ಶನ ನೀಡುವ ಹೊಣೆಯೂ ರಾನಡೆಯವರಿಗೆ ಬಂದಿತು.

ಅನುಭಾವದ ಮಾನದಂಡಗಳು

1933ರಲ್ಲಿ ಪ್ರಕಟವಾದ 'ಮಿಸ್ಟಿಸಿಸಂ ಇನ್ ಮಹಾರಾಷ್ಟ್ರ' ಗ್ರಂಥದಲ್ಲಿ ರಾನಡೆಯವರು ಅನುಭಾವವೆಂದರೆ ದೇವರ ನೇರವಾದ, ಮಧ್ಯವರ್ತಿಗಳಿಲ್ಲದ, ಸ್ವಂತ ಅರಿವೆಂದು ವಿವರಿಸಿದರು. ಅನುಭಾವವು ವ್ಯಕ್ತಿಯ ಖಾಸಗಿ ಭ್ರಮೆ ಅಥವಾ ಮನೋರೋಗದ ಲಕ್ಷಣವಿರಬಹುದಲ್ಲವೇ ಎಂಬ ಆಕ್ಷೇಪಣೆಯನ್ನು ಅವರು ತಳ್ಳಿಹಾಕದೆ ಎದುರಿಸಿದರು. ಇದಕ್ಕಾಗಿ ಕೆಲವು ಪರೀಕ್ಷೆಗಳನ್ನು ಸೂಚಿಸಿದರು.

ಮೊದಲನೆಯದು ಸಾರ್ವತ್ರಿಕತೆ: ಬೇರೆ ಬೇರೆ ದೇಶ, ಕಾಲ, ಭಾಷೆಗಳ ಸಾಧಕರು ಒಬ್ಬರನ್ನೊಬ್ಬರು ಅರಿಯದೆಯೂ ಒಂದೇ ಬಗೆಯ ಅನುಭವವನ್ನು ಹೇಳಿದ್ದಾರೆಯೇ? ಎರಡನೆಯದು ಬುದ್ಧಿ: ಆ ವ್ಯಕ್ತಿಯ ವಿಚಾರಶಕ್ತಿ ಸ್ಪಷ್ಟವಾಗಿ ಉಳಿದಿದೆಯೇ? ಮೂರನೆಯದು ಭಾವ: ಅವನ ಭಾವನೆಗಳು ಆಳವೂ ಶುದ್ಧವೂ ಆಗಿವೆಯೇ? ನಾಲ್ಕನೆಯದು ನೀತಿ: ಅನುಭವದಿಂದ ಅವನ ನಡತೆ ಉತ್ತಮಗೊಂಡಿದೆಯೇ? ಅಂತಃಸ್ಫುರಣೆಯು ಬುದ್ಧಿ, ಭಾವ, ಸಂಕಲ್ಪಗಳಿಗೆ ವಿರೋಧಿಯಾದ ಪ್ರತ್ಯೇಕ ಶಕ್ತಿಯಲ್ಲ. ಆ ಮೂರರ ಹಿಂದೆಯೂ ನಿಂತು ಅವುಗಳಲ್ಲಿ ಹರಡಿಕೊಂಡಿರುವಂಥದು ಎಂಬುದು ಅವರ ನಿಲುವು. ಈ ಕಾರಣದಿಂದ ಅವರ ತತ್ತ್ವಕ್ಕೆ ಬುದ್ಧಿಸಮ್ಮತ ಅನುಭಾವ ಎಂಬ ಹೆಸರು ಸಲ್ಲುತ್ತದೆ.

ವ್ಯಕ್ತಿಸ್ವಭಾವಕ್ಕೆ ತಕ್ಕಂತೆ ಅನುಭಾವವೂ ಬೇರೆಬೇರೆ ರೂಪ ತಾಳುತ್ತದೆಂಬುದನ್ನು ಈ ಗ್ರಂಥದ ವಿಭಾಗಗಳೇ ತೋರಿಸುತ್ತವೆ. ಜ್ಞಾನೇಶ್ವರರದು ಬೌದ್ಧಿಕ ಅನುಭಾವ, ಎಲ್ಲ ಜಾತಿ ಕಸುಬುಗಳ ಸಂತರು ಕೂಡಿಬಂದ ನಾಮದೇವರ ಕಾಲದ್ದು ಜನಸಾಮಾನ್ಯರ ಅನುಭಾವ, ಏಕನಾಥರದು ಸಮನ್ವಯದ್ದು, ತುಕಾರಾಮರದು ವೈಯಕ್ತಿಕ ಹಂಬಲದ್ದು, ರಾಮದಾಸರದು ಕ್ರಿಯಾಶೀಲವಾದದ್ದು. ಸಂತರನ್ನು ದೋಷರಹಿತ ದೇವತಾಮೂರ್ತಿಗಳಂತೆ ಚಿತ್ರಿಸದೆ, ಸಂಶಯ, ನಿರಾಶೆ, ಆತ್ಮನಿಂದೆಗಳನ್ನು ದಾಟಿ ಬೆಳೆದ ಮನುಷ್ಯರಂತೆ ಕಾಣಿಸಿದ್ದು ಈ ಗ್ರಂಥದ ವೈಶಿಷ್ಟ್ಯ. ತುಕಾರಾಮರ ಮನಸ್ಸಿನ ಕತ್ತಲೆಯ ದಿನಗಳನ್ನು ವಿವರಿಸುವ ಭಾಗ ಇದಕ್ಕೆ ನಿದರ್ಶನ.

ಕನ್ನಡ ಸಂತರ ಅಧ್ಯಯನ

ನಿವೃತ್ತಿಯ ನಂತರ ರಾನಡೆಯವರು ನಿಂಬಾಳದಲ್ಲಿಯೇ ನೆಲೆಸಿದರು. ಅಲಹಾಬಾದಿನ ವಾಸದ ಫಲವಾಗಿ ಕಬೀರ, ಸೂರದಾಸ, ತುಲಸೀದಾಸ, ಮೀರಾಬಾಯಿ ಮೊದಲಾದವರನ್ನು ಕುರಿತ ಹಿಂದಿ ಸಂತರ ಗ್ರಂಥ 1954ರಲ್ಲಿ ಪ್ರಕಟವಾಯಿತು. ಬಳಿಕ ತಮ್ಮ ಹುಟ್ಟೂರಿನ ಭಾಷೆಯಾದ ಕನ್ನಡದ ಸರದಿ ಬಂದಿತು. ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದ ಉಪನ್ಯಾಸಗಳಿಂದ ರೂಪುಗೊಂಡ 'ಪಾತ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್' ಅವರ ನಿಧನಾನಂತರ 1960ರಲ್ಲಿ ಬೆಳಕು ಕಂಡಿತು.

ಈ ಮಾಲೆಯ ಗ್ರಂಥಗಳು ಕವಿಗಳ ಕಾಲಕ್ರಮವನ್ನು ಅನುಸರಿಸುವುದಿಲ್ಲ. ಸಾಧಕನ ಬೆಳವಣಿಗೆಯ ಹಂತಗಳೇ ಅಲ್ಲಿ ಅಧ್ಯಾಯಗಳಾಗಿವೆ. ಮೊದಲು ಆಧ್ಯಾತ್ಮಿಕ ಜೀವನದತ್ತ ಮನಸ್ಸನ್ನು ತಿರುಗಿಸುವ ಪ್ರೇರಣೆಗಳು: ದುಃಖ, ವಿಯೋಗ, ಮುಪ್ಪು, ಮರಣದ ಅರಿವು. ಅನಂತರ ನೈತಿಕ ಸಿದ್ಧತೆ. ಆಮೇಲೆ ದೇವರು, ಗುರು, ಸಂತರ ಸಂಬಂಧ. ನಾಲ್ಕನೆಯದು ಯಾತ್ರೆಯ ಆರಂಭ. ಕೊನೆಗೆ ಪರಮ ಆರೋಹಣ. ಒಂದೊಂದು ಹಂತಕ್ಕೂ ಬೇರೆ ಬೇರೆ ಸಂತರ ಪದಗಳನ್ನು ಆಯ್ದು ಜೋಡಿಸಲಾಗಿದೆ. ಹೀಗಾಗಿ ಹರಿದಾಸರಾದ ಪುರಂದರದಾಸ, ಕನಕದಾಸ, ಜಗನ್ನಾಥದಾಸರೂ, ಶರಣರಾದ ಬಸವಣ್ಣ, ಅಲ್ಲಮಪ್ರಭುಗಳೂ, ನಿಜಗುಣ ಶಿವಯೋಗಿ, ಸರ್ಪಭೂಷಣ ಶಿವಯೋಗಿಗಳೂ ಪಕ್ಕಪಕ್ಕದಲ್ಲಿ ಕಾಣಿಸಿಕೊಳ್ಳುತ್ತಾರೆ. ಭಜನೆಯ ಮಂಟಪದಲ್ಲಿ ಪಂಥಭೇದವಿಲ್ಲದೆ ಕೇಳಿಬರುತ್ತಿದ್ದ ಪದಗಳನ್ನು ವಿಶ್ವವಿದ್ಯಾಲಯದ ಉಪನ್ಯಾಸದ ವಸ್ತುವಾಗಿಸಿ, ಕನ್ನಡ ಬಾರದ ಓದುಗರಿಗೂ ತಲುಪಿಸಿದ ಶ್ರೇಯಸ್ಸು ಈ ಗ್ರಂಥಕ್ಕೆ ಸಲ್ಲುತ್ತದೆ.

ವಿಮರ್ಶೆ

ರಾನಡೆಯವರ ವಿಧಾನಕ್ಕೆ ತನ್ನದೇ ಆದ ಮಿತಿಗಳಿವೆ. ಮಗುವಿ‌ನಿಂದ ವೃದ್ಧಾಪ್ಯದವರೆಗಿನ ಮನಸ್ಸಿನ ಬೆಳವಣಿಗೆಯನ್ನು ವೀಕ್ಷಣೆಯಿಂದ ದಾಖಲಿಸುವ ವಿಕಾಸಾತ್ಮಕ ಮನೋವಿಜ್ಞಾನದ ಕ್ರಮ ಇಲ್ಲಿಲ್ಲ. ಅವರ ಆಧಾರ ಸಾಹಿತ್ಯ ಮಾತ್ರ. ಪದದಲ್ಲಿ ಕವಿ ಹೇಳಿದ್ದೆಲ್ಲ ಆತನ ಸ್ವಂತ ಅನುಭವವೇ, ಪರಂಪರೆಯಿಂದ ಬಂದ ಕವಿಸಮಯವೇ ಎಂದು ಬೇರ್ಪಡಿಸುವುದು ಕಷ್ಟ. ಸಾಮ್ಯಗಳನ್ನು ಹುಡುಕುವ ದೃಷ್ಟಿಯಲ್ಲಿ ಭೇದಗಳು ಮರೆಯಾಗುವ ಸಾಧ್ಯತೆಯೂ ಇದೆ. ಹನ್ನೆರಡನೆಯ ಶತಮಾನದ ಶರಣರ ವಚನಗಳಲ್ಲಿ ಕಾಯಕ ಮತ್ತು ಜಾತಿನಿರಾಕರಣೆಯ ಸಾಮಾಜಿಕ ವಿಚಾರವು ಅನುಭಾವದಷ್ಟೇ ಮುಖ್ಯ. ದಾಸರ ಪದಗಳಿಗೆ ಮಧ್ವಸಿದ್ಧಾಂತದ ತಳಹದಿಯಿದೆ. ಎಲ್ಲವನ್ನೂ ಒಂದೇ ಏಣಿಯ ಮೆಟ್ಟಿಲುಗಳಾಗಿ ಜೋಡಿಸಿದಾಗ ಇಂತಹ ವ್ಯತ್ಯಾಸಗಳಿಗೆ ಸಾಕಷ್ಟು ಎಡೆ ಸಿಗುವುದಿಲ್ಲ.

ಆದರೂ ಅನುಭವವನ್ನು ಕುರುಡು ಭಕ್ತಿಯಿಂದ ಒಪ್ಪುವುದಕ್ಕೂ ಪರೀಕ್ಷಿಸದೆ ತಳ್ಳಿಹಾಕುವುದಕ್ಕೂ ಬದಲಾಗಿ, ಮಾನದಂಡಗಳನ್ನು ಮುಂದಿಟ್ಟು ವಿಚಾರಿಸಬೇಕೆಂಬ ಅವರ ನಿಲುವು ಈ ಮಿತಿಗಳ ನಡುವೆಯೂ ಉಳಿಯುತ್ತದೆ. ಸ್ವತಃ ದೀಕ್ಷೆ ಪಡೆದ ಸಾಧಕರೊಬ್ಬರು ತಮ್ಮ ನಂಬಿಕೆಯ ವಿಷಯವನ್ನೇ ಆಕ್ಷೇಪಣೆಗೆ ಒಡ್ಡಿ ಬರೆದದ್ದು ಅವರ ಬೌದ್ಧಿಕ ಪ್ರಾಮಾಣಿಕತೆಗೆ ಸಾಕ್ಷಿ.

ಪ್ರಮುಖ ಕೃತಿಗಳು

ಎ ಕನ್‌ಸ್ಟ್ರಕ್ಟಿವ್ ಸರ್ವೆ ಆಫ್ ಉಪನಿಷದಿಕ್ ಫಿಲಾಸಫಿ (1926)
ಹಿಸ್ಟರಿ ಆಫ್ ಇಂಡಿಯನ್ ಫಿಲಾಸಫಿ, ಸಂಪುಟ 2: ದಿ ಕ್ರಿಯೇಟಿವ್ ಪೀರಿಯಡ್ (ಎಸ್. ಕೆ. ಬೇಲ್ವಲ್ಕರ್ ಅವರೊಂದಿಗೆ, 1927)
ಮಿಸ್ಟಿಸಿಸಂ ಇನ್ ಮಹಾರಾಷ್ಟ್ರ (1933)
ಪಾತ್‌ವೇ ಟು ಗಾಡ್ ಇನ್ ಹಿಂದಿ ಲಿಟರೇಚರ್ (1954)
ದಿ ಭಗವದ್ಗೀತಾ ಆ್ಯಸ್ ಎ ಫಿಲಾಸಫಿ ಆಫ್ ಗಾಡ್-ರಿಯಲೈಸೇಷನ್ (ನಿಧನಾನಂತರ, 1959)
ಪಾತ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್ (ನಿಧನಾನಂತರ, 1960)

ಇವಲ್ಲದೆ ಜ್ಞಾನೇಶ್ವರ, ತುಕಾರಾಮ, ರಾಮದಾಸ ಮೊದಲಾದವರ ವಚನಗಳ ಮರಾಠಿ ಸಂಕಲನಗಳನ್ನೂ ಅವರು ಸಂಪಾದಿಸಿದ್ದಾರೆ.

ನಿಧನ ಮತ್ತು ಸ್ಮರಣೆ

ರಾನಡೆಯವರು 1957ರ ಜೂನ್ 6ರಂದು ನಿಂಬಾಳದಲ್ಲಿ ನಿಧನರಾದರು. ಅವರ ಜೀವಿತಕಾಲದಲ್ಲಿಯೇ ಹುಟ್ಟೂರಿನ ಸಂಸ್ಥಾನವು 1948ರಲ್ಲಿ ಭಾರತದಲ್ಲಿ ವಿಲೀನಗೊಂಡಿತ್ತು. ಜಮಖಂಡಿ, ಮುಧೋಳ ಮತ್ತು ನಿಂಬಾಳಗಳು 1956ರ ಏಕೀಕರಣದಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದವು. ಗುರುಗಳ ಊರಾದ ಉಮದಿ ಮಾತ್ರ ಗಡಿಯ ಆಚೆಗೆ ಉಳಿಯಿತು. ರಾಜ್ಯದ ಗಡಿ ನಡುವೆ ಬಂದರೂ ಎರಡೂ ಕಡೆಯ ಸಾಧಕರು ನಿಂಬಾಳಕ್ಕೆ ಬರುವುದು ನಿಲ್ಲಲಿಲ್ಲ.

ನಿಂಬಾಳದ ಆಶ್ರಮದಲ್ಲಿ ಅವರ ಸ್ಮರಣೆಯ ಕಾರ್ಯಕ್ರಮಗಳು ನಡೆಯುತ್ತವೆ. ಬೆಳಗಾವಿಯ ಹಿಂದವಾಡಿಯಲ್ಲಿರುವ ಗುರುದೇವ ರಾನಡೆ ಮಂದಿರ ಹಾಗೂ ತೌಲನಿಕ ತತ್ತ್ವಶಾಸ್ತ್ರ ಮತ್ತು ಧರ್ಮಗಳ ಅಕಾಡೆಮಿಯು ಅವರ ಸಾಹಿತ್ಯದ ಪ್ರಸಾರದಲ್ಲಿ ತೊಡಗಿದೆ. ಉಪನಿಷತ್ತುಗಳ ಮೇಲಿನ ಅವರ ಗ್ರಂಥ ಪುನರ್ಮುದ್ರಣಗಳನ್ನು ಕಾಣುತ್ತಾ, ಇಂದಿಗೂ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳ ಓದಿನಲ್ಲಿದೆ.